ರಕ್ತದಲ್ಲಿ ಆಮ್ಲ ಮತ್ತು ಕ್ಷಾರ

ಮನುಷ್ಯನ ರಕ್ತವು ಕಿಂಚಿತ್ ಕ್ಷಾರಗುಣವುಳ್ಳದ್ದು. ಈ ಗುಣವನ್ನು ಅಳೆಯತಕ್ಕ 'ಪಿಎಚ್' ಎಂಬ ಮಾನವನ್ನು ಡೆನ್ಮಾರ್ಕಿನ ಸೋರೆನ್‌ಸೆನ್ನರು 1909ರಲ್ಲಿ ಏರ್ಪಡಿಸಿದರು. ಆರೋಗ್ಯವಂತರಲ್ಲಿ ಅದು 7.35ರಿಂದ 7.45ರೊಳಗೆ ನಿಲ್ಲುತ್ತದೆ. ಇಷ್ಟು ಕಿರಿದಾದ ಎಲ್ಲೆಯನ್ನು ದೇಹವು ಕಾಯುವುದು ಹೇಗೆ?

ಇದರ ಸೂತ್ರವನ್ನು 1908ರಲ್ಲಿ ಅಮೆರಿಕದ ಹೆಂಡರ್ಸನ್ನರು ಕಂಡರು; 1916ರಲ್ಲಿ ಡೆನ್ಮಾರ್ಕಿನ ಹಾಸೆಲ್‌ಬಾಲ್ಕರು ಅದಕ್ಕೆ ಲಾಗರಿದಮ್ಮಿನ ರೂಪವನ್ನು ಕೊಟ್ಟರು. ಮೂತ್ರಪಿಂಡಗಳ ಅಧೀನದಲ್ಲಿರುವ ಬೈಕಾರ್ಬೊನೇಟು ಲೀಟರಿಗೆ 24 ಮಿಲಿಮೋಲ್. ಶ್ವಾಸಕೋಶಗಳು ಹೊರದೂಡುವ ಇಂಗಾಲಾಮ್ಲವಾಯುವಿನ ಒತ್ತಡ ಪಾದರಸದ 40 ಮಿಲಿಮೀಟರ್. ಈ 40ನ್ನು 0.03ರಿಂದ ಗುಣಿಸಿದರೆ 1.2. ಇಪ್ಪತ್ತನಾಲ್ಕನ್ನು ಅದರಿಂದ ಭಾಗಿಸಿದರೆ 20. ಇಪ್ಪತ್ತರ ಲಾಗರಿದಮ್ಮಾದ 1.3ನ್ನು 6.1ಕ್ಕೆ ಕೂಡಿಸಿದರೆ 7.4 ದೊರೆಯುತ್ತದೆ. ಆದುದರಿಂದ ನಾವು ನೋಡಬೇಕಾದುದು ಒಂದೊಂದರ ಮೊತ್ತವನ್ನಲ್ಲ, ಎರಡರ ಪರಸ್ಪರ ಪ್ರಮಾಣವನ್ನು.

ಈ ವಿವೇಕದ ಬೆಲೆ 1952ರಲ್ಲಿ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಯಲ್ಲಿ ತಿಳಿದುಬಂದಿತು. ಪೋಲಿಯೊ ಪಿಡುಗಿನ ಮೊದಲ ವಾರಗಳಲ್ಲಿ, ಉಸಿರಾಟ ಕುಂದಿ ಯಂತ್ರದ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು. ಅವರ ರಕ್ತದಲ್ಲಿ ಇಂಗಾಲಾಮ್ಲದ ಒಟ್ಟು ಮೊತ್ತ ಹೆಚ್ಚಿತ್ತು. ಅದರಲ್ಲಿ ಬಹುಪಾಲು ಬೈಕಾರ್ಬೊನೇಟೇ ಆದುದರಿಂದ ವೈದ್ಯರು ಅದನ್ನು ಕ್ಷಾರಾಧಿಕ್ಯವೆಂದು ಬಗೆದರು. ಅರಿವಳಿಕೆಯ ವೈದ್ಯರಾದ ಬ್ಯೋರ್ನ್ ಇಬ್ಸೆನ್ನರು ಒಪ್ಪಲಿಲ್ಲ. ಹೊರಹೋಗಬೇಕಾದ ವಾಯುವೇ ಒಳಗೆ ತಂಗಿದೆಯೆಂದರು. ನಾವೇ ಲೆಕ್ಕವಿಟ್ಟು ನೋಡೋಣ: ಬೈಕಾರ್ಬೊನೇಟು 30ಕ್ಕೆ ಏರಿದ್ದರೂ ವಾಯುವಿನ ಒತ್ತಡ 80 ಆದರೆ ಪಿಎಚ್ 7.2. ಕ್ಷಾರ ಹೆಚ್ಚಿದಂತೆ ತೋರುವಾಗಲೇ ರಕ್ತವು ಆಮ್ಲದ ಕಡೆಗೆ ವಾಲಿದೆ!

ಆಗಸ್ಟ್ 27ರಂದು ಹನ್ನೆರಡು ವರ್ಷದ ಬಾಲಿಕೆಯೊಬ್ಬಳ ಶ್ವಾಸನಾಳಕ್ಕೆ ಕೊಳವೆಯನ್ನಿಳಿಸಿ, ಕೈಯಿಂದ ಚೀಲವನ್ನೊತ್ತಿ ಉಸಿರು ಕೊಡಲಾಯಿತು. ಬಾಲಿಕೆ ಬದುಕಿದಳು. ಮುಂದೆ ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಚೀಲವನ್ನೊತ್ತಿದರು. ಮರಣಗಳು ಬಹಳ ಇಳಿದುವು. ಅದೇ ಆಸ್ಪತ್ರೆಯ ಅನುಭವದಿಂದ ಪೌಲ್ ಆಸ್ಟ್ರುಪ್ಪರು ರೋಗಿಯ ಹಾಸಿಗೆಯ ಬಳಿಗೆ ಈ ಲೆಕ್ಕವನ್ನು ತರುವ ಸುಲಭ ವಿಧಾನವನ್ನು ರೂಪಿಸಿದರು.

ಇಂದಿಗೂ ರೋಗನಿರ್ಣಯದ ಕ್ರಮ ಇದೇ. ಪಿಎಚ್ ಇಳಿದು ವಾಯುವಿನ ಒತ್ತಡ ಏರಿದ್ದರೆ ದೋಷ ಉಸಿರಾಟದ್ದು. ಪಿಎಚ್ ಇಳಿದು ಬೈಕಾರ್ಬೊನೇಟೂ ಇಳಿದಿದ್ದರೆ, ಮಧುಮೇಹದ ವಿಷಮಸ್ಥಿತಿಯಲ್ಲಿ ಕಾಣುವಂತೆ, ದೋಷ ದೇಹದ ಚಯಾಪಚಯದ್ದು. ಮೊದಲನೆಯವನಿಗೆ ಬೇಕಾದುದು ಉಸಿರು, ಎರಡನೆಯವನಿಗೆ ಇನ್ಸುಲಿನ್ನು. ಒಂದೇ ಅಂಕಿಯನ್ನು ನಂಬಿ ತೀರ್ಪು ಕೊಡಬಾರದೆಂಬುದನ್ನು ಆ 27 ಜೀವಗಳು ನಮಗೆ ಕಲಿಸಿ ಹೋದುವು.