ಔಷಧಕ್ಕೆ ಮಣಿಯದ ಶ್ವಾಸಕೋಶ ಕ್ಯಾನ್ಸರ್ ಹಾಗೂ ಗುರಿನಿರ್ದೇಶಿತ ಔಷಧಗಳು: ಸಾರ್ವಜನಿಕ ಮಾಹಿತಿ

ಶ್ವಾಸಕೋಶದ ಕ್ಯಾನ್ಸರ್ ಎಲ್ಲ ರೋಗಿಗಳಲ್ಲಿಯೂ ಒಂದೇ ಬಗೆಯದಾಗಿರುವುದಿಲ್ಲ. ಕೆಲವರಲ್ಲಿ ಜೀವಕೋಶದ ಬೆಳವಣಿಗೆಗೆ ಸಂಬಂಧಿಸಿದ ಇ.ಜಿ.ಎಫ್.ಆರ್. ಎಂಬ ವಂಶವಾಹಿಯು ಉತ್ಪರಿವರ್ತನೆ ಹೊಂದಿದ್ದು, ಬೆಳವಣಿಗೆಯ ಸಂಕೇತವು ಎಡೆಬಿಡದೆ ರವಾನೆಯಾಗುತ್ತಿರುತ್ತದೆ. ಏಷ್ಯಾದವರಲ್ಲಿ ಹಾಗೂ ಧೂಮಪಾನ ಮಾಡದವರಲ್ಲಿ ಇದು ಹೆಚ್ಚು. ಸದರಿ ಸಂಕೇತವನ್ನು ತಡೆಯುವ ಜೆಫಿಟಿನಿಬ್ ಮಾತ್ರೆಗೆ 2002ರಲ್ಲಿ ಜಪಾನ್ ದೇಶವು ಮೊದಲು ಅನುಮತಿ ನೀಡಿತು. ಮಾತ್ರೆಯು ಕೆಲವರಿಗೆ ಮಾತ್ರ ಏಕೆ ಫಲಕಾರಿ ಎಂಬುದು 2004ರಲ್ಲಿ ಈ ಉತ್ಪರಿವರ್ತನೆಗಳು ಪತ್ತೆಯಾದ ನಂತರವೇ ತಿಳಿದುಬಂದಿತು.

ಆದಾಗ್ಯೂ, ಸುಮಾರು ಒಂದು ವರ್ಷದ ಬಳಿಕ ಬಹುತೇಕ ರೋಗಿಗಳಲ್ಲಿ ಗೆಡ್ಡೆಯು ಪುನಃ ಬೆಳೆಯತೊಡಗುತ್ತದೆ. 2005ರಲ್ಲಿ ಇದರ ಒಂದು ಪ್ರಮುಖ ಕಾರಣ ಬೆಳಕಿಗೆ ಬಂದಿತು. ಪ್ರೋಟೀನಿನ 790ನೇ ಸ್ಥಾನದಲ್ಲಿ ಥ್ರಿಯೊನೀನ್ ಬದಲಿಗೆ ಮೆಥಿಯೊನೀನ್ ಬಂದು ಕೂರುವುದರಿಂದ ಹಳೆಯ ಮಾತ್ರೆಯು ನಿಷ್ಫಲವಾಗುತ್ತದೆ. ಟಿ790ಎಂ ಎಂಬ ಈ ಬದಲಾವಣೆಯು ಅಂತಹ ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನರಲ್ಲಿ ಕಂಡುಬರುತ್ತದೆ.

ಇದನ್ನೇ ಗುರಿಯಾಗಿಸಿ ರೂಪಿಸಲಾದ ಔಷಧವೇ ಆಸಿಮರ್ಟಿನಿಬ್. ಇದು 797ನೇ ಸ್ಥಾನದ ಸಿಸ್ಟೀನ್‌ಗೆ ಬಿಡಿಸಲಾಗದಂತೆ ಅಂಟಿಕೊಳ್ಳುತ್ತದೆ, ಸಹಜ ಇ.ಜಿ.ಎಫ್.ಆರ್. ಮೇಲೆ ಇದರ ಪರಿಣಾಮ ಕಡಿಮೆ. 2013ರ ಮಾರ್ಚ್‌ನಲ್ಲಿ ಮೊದಲ ರೋಗಿಗೆ ನೀಡಲಾದ ಈ ಔಷಧಕ್ಕೆ 2015ರ ನವೆಂಬರ್‌ನಲ್ಲಿಯೇ ಅಮೆರಿಕದಲ್ಲಿ ಅನುಮತಿ ದೊರೆಯಿತು. ಔಷಧ ಕ್ಷೇತ್ರದಲ್ಲಿ ಇಷ್ಟು ಶೀಘ್ರ ಅನುಮತಿ ಅಪರೂಪವೇ ಸರಿ. ಟಿ790ಎಂ ಇರುವವರಲ್ಲಿ ನಡೆದ ಪರೀಕ್ಷೆಯಲ್ಲಿ ರೋಗವು ಉಲ್ಬಣಿಸದೆ ಇದ್ದ ಮಧ್ಯಮ ಅವಧಿಯು ಕೀಮೋಥೆರಪಿಯಿಂದ 4.4 ತಿಂಗಳು, ಈ ಮಾತ್ರೆಯಿಂದ 10.1 ತಿಂಗಳು ಆಗಿರುತ್ತದೆ. 2018ರಿಂದ ಇದನ್ನು ಅಲ್ಲಿ ಆರಂಭಿಕ ಚಿಕಿತ್ಸೆಯಾಗಿಯೂ ನೀಡಲಾಗುತ್ತಿದೆ.

ಈ ಔಷಧಕ್ಕೂ ರೋಗವು ಕಾಲಕ್ರಮೇಣ ಮಣಿಯದಾಗುತ್ತದೆ. ಕೆಲವರಲ್ಲಿ ಮೇಲ್ಕಂಡ ಸಿಸ್ಟೀನ್ ಸ್ವತಃ ಬದಲಾಗುತ್ತದೆ. ಇನ್ನು ಕೆಲವರಲ್ಲಿ ಮೆಟ್ ಎಂಬ ಬೇರೊಂದು ವಂಶವಾಹಿಯ ಪ್ರತಿಗಳು ಹೆಚ್ಚುತ್ತವೆ. ಅಪರೂಪಕ್ಕೆ ಕ್ಯಾನ್ಸರಿನ ಬಗೆಯೇ ಬದಲಾಗುವುದುಂಟು. ಆದುದರಿಂದ ಗೆಡ್ಡೆ ಪುನಃ ಬೆಳೆದಲ್ಲಿ ಹಳೆಯ ವರದಿಯನ್ನೇ ಅವಲಂಬಿಸದೆ, ಮತ್ತೊಮ್ಮೆ ಬಯಾಪ್ಸಿ ಅಥವಾ ರಕ್ತಪರೀಕ್ಷೆಯ ಬಗ್ಗೆ ತಜ್ಞ ವೈದ್ಯರಲ್ಲಿ ವಿಚಾರಿಸತಕ್ಕದ್ದು. ರಕ್ತದಲ್ಲಿ ಉತ್ಪರಿವರ್ತನೆ ಕಂಡುಬರದ ಮಾತ್ರಕ್ಕೆ ಅದು ಇಲ್ಲವೆಂದು ನಿರ್ಧರಿಸಲಾಗದು. ಮೊದಲ ಬಯಾಪ್ಸಿಯ ವರದಿಯನ್ನೂ ಮೇಣದ ಬ್ಲಾಕನ್ನೂ ಕುಟುಂಬದವರು ಜೋಪಾನವಾಗಿ ಇರಿಸಿಕೊಳ್ಳುವುದು ಸೂಕ್ತ. ವೈದ್ಯರ ಸಲಹೆಯಿಲ್ಲದೆ ಮಾತ್ರೆಯನ್ನು ನಿಲ್ಲಿಸಬಾರದು.

2024ರ ಜುಲೈನ ಕೇಂದ್ರ ಆಯವ್ಯಯದಲ್ಲಿ ಆಸಿಮರ್ಟಿನಿಬ್ ಸೇರಿದಂತೆ ಮೂರು ಕ್ಯಾನ್ಸರ್ ಔಷಧಗಳಿಗೆ ಸೀಮಾಸುಂಕದಿಂದ ವಿನಾಯಿತಿ ಘೋಷಿಸಲಾಯಿತು. ಅದೇ ವರ್ಷ ಇವುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 12ರಿಂದ ಶೇ. 5ಕ್ಕೆ ಇಳಿಸಲಾಯಿತು. ವಿನಾಯಿತಿಯು ತೆರಿಗೆಯ ಭಾಗಕ್ಕೆ ಮಾತ್ರ ಅನ್ವಯ. ಔಷಧದ ಮೂಲಬೆಲೆಯನ್ನು ರೋಗಿಯೇ ಭರಿಸಬೇಕಾಗಬಹುದು. ಆದ್ದರಿಂದ ಚಿಕಿತ್ಸೆ ಆರಂಭಿಸುವ ಮುನ್ನವೇ ಆಸ್ಪತ್ರೆಯ ಆರೋಗ್ಯ ಯೋಜನೆಗಳ ಸಹಾಯ ಕೇಂದ್ರದಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಕೋರಲಾಗಿದೆ.