‘ಎದ್ದು ನಿಲ್ಲಿ’ ಎಂದ ಮೇಷ್ಟರು

ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಪತ್ರ ಬರೆದಿದ್ದಾಳೆ. ಮಗನ ಶಾಲೆಯಲ್ಲಿ ಜನಾಂಗಹತ್ಯೆಯ ಕುರಿತು ಪಾಠವಿದೆಯಂತೆ. ಹದಿಮೂರರ ಹುಡುಗನಿಗೆ ಅದೆಲ್ಲ ಬೇಕೇ ಎಂದು ಅವಳ ಪ್ರಶ್ನೆ. ಬೇಕು ಎಂಬುದೇ ನನ್ನ ಉತ್ತರ. ಆದರೆ ಆ ಪಾಠವನ್ನು ಹೆಣಗಳ ಲೆಕ್ಕದಿಂದ ಆರಂಭಿಸಬಾರದು. ಎಂಟು ಲಕ್ಷವೆಂಬ ಸಂಖ್ಯೆ ಮಕ್ಕಳ ಮನಸ್ಸಿಗೆ ನಿಲುಕದು, ದೊಡ್ಡವರಿಗೂ ಅಷ್ಟೆ. ತಾವು ಕುಳಿತಿರುವಂಥದೇ ಒಂದು ತರಗತಿಯಿಂದ ಆರಂಭಿಸಿದರೆ ಅವರಿಗೆ ತಿಳಿಯುತ್ತದೆ. ನಿವೃತ್ತಿಗೆ ಮುಂಚಿನ ಕೆಲವು ವರ್ಷಗಳಲ್ಲಿ, ಪಠ್ಯದಲ್ಲಿ ಇಲ್ಲದಿದ್ದರೂ, ನಾನು ರುವಾಂಡಾದ ಕಥೆಯನ್ನು ಹೇಳುತ್ತಿದ್ದುದು ಇದಕ್ಕಾಗಿಯೇ.

ಆಫ್ರಿಕಾದ ನಡುವೆ ಇರುವ ಆ ದೇಶ ನಮ್ಮ ಕರ್ನಾಟಕದ ಏಳರಲ್ಲಿ ಒಂದು ಪಾಲಿನಷ್ಟೂ ಇಲ್ಲ. ಹುಟು, ಟುಟ್ಸಿ, ಟ್ವಾ ಎಂಬ ಮೂರು ಪಂಗಡಗಳು. ಮೂವರದೂ ಕಿನ್ಯಾರುವಾಂಡಾ ಎಂಬ ಒಂದೇ ಭಾಷೆ. ಅಕ್ಕಪಕ್ಕದಲ್ಲೇ ವಾಸ, ನಡುನಡುವೆ ಮದುವೆಗಳೂ ಉಂಟು. ದೇಶವನ್ನು ಆಳುತ್ತಿದ್ದ ಬೆಲ್ಜಿಯನ್ನರು 1933-34ರ ಜನಗಣತಿಯ ನಂತರ ಪ್ರತಿಯೊಬ್ಬನ ಗುರುತಿನ ಚೀಟಿಯಲ್ಲಿ ಪಂಗಡದ ಹೆಸರನ್ನು ಬರೆಯಿಸಿದರು. ಅಲ್ಲಿಂದ ಮುಂದೆ ತಂದೆಯ ಪಂಗಡವೇ ಮಗುವಿನ ಪಂಗಡ. 1962ರಲ್ಲಿ ಸ್ವಾತಂತ್ರ್ಯ ಬಂದಿತು, ಬೆಲ್ಜಿಯನ್ನರು ಹೋದರು, ಚೀಟಿ ಉಳಿಯಿತು.

ಈ ಚೀಟಿ ಶಾಲೆಯೊಳಕ್ಕೂ ಬಂದ ಬಗೆಯನ್ನು ಬದುಕುಳಿದವರು ಹೇಳಿಕೊಂಡಿದ್ದಾರೆ. ಮೇಷ್ಟರು ತರಗತಿಗೆ ಬಂದು, “ಹುಟುಗಳು ಎದ್ದು ನಿಲ್ಲಿ, ಟುಟ್ಸಿಗಳು ಎದ್ದು ನಿಲ್ಲಿ” ಎನ್ನುತ್ತಿದ್ದರು. ತಾನು ಯಾರೆಂದು ತಿಳಿಯದ ಮಗು ಮನೆಗೆ ಹೋಗಿ ಅಪ್ಪನನ್ನು ಕೇಳಬೇಕಾಗುತ್ತಿತ್ತು. 1994ರ ಏಪ್ರಿಲ್ 6ರಂದು ರಾಷ್ಟ್ರಾಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದ ಬಳಿಕ ಸುಮಾರು ನೂರು ದಿನಗಳ ಕಾಲ ನಡೆದ ಟುಟ್ಸಿಗಳ ಕಗ್ಗೊಲೆಯಲ್ಲಿ, ದಾರಿಗೆ ಅಡ್ಡಗಟ್ಟಿ ನಿಂತ ಕೊಲೆಗಡುಕರು ಮೊದಲು ಕೇಳುತ್ತಿದ್ದುದು ಆ ಚೀಟಿಯನ್ನೇ. ಕೊಲ್ಲಲೊಪ್ಪದ ಹುಟುಗಳೂ ಸತ್ತರು.

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿಯೂ ಜಾತಿಯ ಕಾಲಂ ಇದೆ. ಅದು ಬೇಡವೆಂದು ನಾನು ಹೇಳಲಾರೆ. ತಲೆತಲಾಂತರದ ಅನ್ಯಾಯವನ್ನು ಸರಿಪಡಿಸಲು ವಿದ್ಯಾರ್ಥಿವೇತನಕ್ಕೆ, ಮೀಸಲಾತಿಗೆ ಅದು ಬೇಕು. ಆದರೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ವಿದ್ಯಾರ್ಥಿವೇತನದ ಅರ್ಜಿ ಬಂದ ದಿನ, “ಎಸ್.ಸಿ., ಎಸ್.ಟಿ. ಮಕ್ಕಳು ಎದ್ದು ನಿಲ್ರೋ” ಎಂದು ಕೂಗುವ ರೂಢಿಯಿತ್ತು. ಎದ್ದು ನಿಂತ ಮಕ್ಕಳು ನೆಲ ನೋಡುತ್ತಿದ್ದರು; ಕುಳಿತವರು ಅವರನ್ನು ನೋಡುತ್ತಿದ್ದರು. ಎರಡು ದೇಶಗಳ ಸಂಗತಿ ಒಂದೇ ಅಲ್ಲವೆಂದು ಬಲ್ಲೆ. ಆದರೂ ಅರ್ಜಿ ತುಂಬಿಸಲು ನಾನು ಒಬ್ಬೊಬ್ಬರನ್ನೇ ಸ್ಟಾಫ್ ರೂಮಿಗೆ ಕರೆಯುತ್ತಿದ್ದುದು ಏಕೆಂದು ನನ್ನ ವಿದ್ಯಾರ್ಥಿಗಳಿಗೆ ಈಗ ತಿಳಿದೀತು.

“ಸಾರ್, ಆ ಮೇಷ್ಟರುಗಳು ಆಮೇಲೆ ಏನಾದರು?” ಎಂದು ಒಮ್ಮೆ ತರಗತಿಯಲ್ಲಿ ಪ್ರಶ್ನೆ ಬಂದಿತು. ಕೊಲೆಯಾದವರಲ್ಲಿ ಶಿಕ್ಷಕರಿದ್ದರು, ಕೊಂದವರಲ್ಲಿಯೂ ಇದ್ದರು. ಜಾನ್ ಪಾಲ್ ಅಕಾಯೆಸು ಎಂಬಾತ ಶಿಕ್ಷಕನಾಗಿ, ಶಾಲಾ ಇನ್‌ಸ್ಪೆಕ್ಟರನಾಗಿ ಇದ್ದು, ಬಳಿಕ ಟಾಬಾ ಎಂಬಲ್ಲಿ ಮೇಯರ್ ಆದವನು. ಮೊದಲ ಕೆಲವು ದಿನ ತನ್ನ ಊರಿನಲ್ಲಿ ಕೊಲೆಗಳನ್ನು ತಡೆದನು. ಏಪ್ರಿಲ್ 18ರಂದು ಮೇಲಿನವರ ಸಭೆಗೆ ಹೋಗಿಬಂದ ಮೇಲೆ ಕೊಲೆಗಾರರ ಕಡೆಗೇ ಸೇರಿದನು. 1998ರ ಸೆಪ್ಟೆಂಬರ್ 2ರಂದು ಅರೂಷಾದ ಅಂತಾರಾಷ್ಟ್ರೀಯ ನ್ಯಾಯಮಂಡಳಿ ಅವನನ್ನು ತಪ್ಪಿತಸ್ಥನೆಂದು ಸಾರಿತು. ವಿಶ್ವಸಂಸ್ಥೆಯ 1948ರ ಒಡಂಬಡಿಕೆಯ ಅರ್ಥದಲ್ಲಿ ಜನಾಂಗಹತ್ಯೆಗಾಗಿ ಅಂತಾರಾಷ್ಟ್ರೀಯ ನ್ಯಾಯಾಲಯವೊಂದು ವಿಚಾರಣೆ ನಡೆಸಿ ಕೊಟ್ಟ ಮೊದಲ ತೀರ್ಪು ಅದು. ಮೊದಲ ಅಪರಾಧಿ ನಮ್ಮ ವೃತ್ತಿಯವನು! ಅವನು ಕೆಲವು ದಿನವಾದರೂ ತಡೆದಿದ್ದನೆಂಬುದೇ ನನ್ನನ್ನು ಹೆಚ್ಚು ಕಾಡುತ್ತದೆ.

ಹತ್ಯಾಕಾಂಡದ ನಂತರ ಬಂದ ಸರ್ಕಾರ ಚೀಟಿಯಿಂದ ಪಂಗಡವನ್ನು ತೆಗೆಯಿತು. ಶಾಲೆಗಳಲ್ಲಿ ರುವಾಂಡಾದ ಇತಿಹಾಸದ ಪಾಠವನ್ನೇ ನಿಲ್ಲಿಸಿತು. ಹಳೆಯ ಪುಸ್ತಕಗಳೇ ವಿಷವಾಗಿದ್ದವು. ಕೊಂದವರ ಮಕ್ಕಳೂ ಉಳಿದವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು.

ಪಾಠ ನಿಂತಿದ್ದ ಆ ಕಾಲದಲ್ಲಿಯೇ, 1997ರ ಮಾರ್ಚ್ 18ರ ರಾತ್ರಿ, ದೇಶದ ಪಶ್ಚಿಮದ ನ್ಯಾಂಗೆ ಎಂಬ ಊರಿನ ಪ್ರೌಢಶಾಲೆಗೆ ಬಂದೂಕುಧಾರಿಗಳು ನುಗ್ಗಿದರು. 1994ರಲ್ಲಿ ಆಶ್ರಯ ಬೇಡಿ ಬಂದ ಕನಿಷ್ಠ 1,500 ಮಂದಿಯ ಮೇಲೆ ಚರ್ಚಿನ ಕಟ್ಟಡವನ್ನೇ ಬುಲ್ಡೋಜರಿನಿಂದ ಉರುಳಿಸಿದ್ದುದೂ ಇದೇ ಊರಿನಲ್ಲಿ. ಮೇಲಿನ ತರಗತಿಗಳ ಮಕ್ಕಳು ಊಟ ಮುಗಿಸಿ ಓದುತ್ತಿದ್ದರು. ಹುಟುಗಳು ಒಂದು ಕಡೆ, ಟುಟ್ಸಿಗಳು ಒಂದು ಕಡೆ ನಿಲ್ಲಿ ಎಂಬ ಆಜ್ಞೆಯಾಯಿತು. ನಾವೆಲ್ಲರೂ ರುವಾಂಡಾದವರು ಎಂದು ಉತ್ತರ ಬಂದಿತು. ಯಾರೂ ಬೇರೆಯಾಗಲಿಲ್ಲ. ಗುಂಡು ಹಾರಿದವು, ಗ್ರೆನೇಡುಗಳು ಬಿದ್ದವು. ಆರು ಮಂದಿ ವಿದ್ಯಾರ್ಥಿಗಳು ಪ್ರಾಣ ಬಿಟ್ಟರು, ಅನೇಕರು ಗಾಯಗೊಂಡರು. ಸತ್ತವರನ್ನೂ ಉಳಿದವರನ್ನೂ ಆ ದೇಶ ತನ್ನ ರಾಷ್ಟ್ರವೀರರ ಸಾಲಿನಲ್ಲಿ ಸೇರಿಸಿದೆ.

ಇದನ್ನು ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ಸತ್ತವರಲ್ಲಿ ಹುಟುಗಳೆಷ್ಟು, ಟುಟ್ಸಿಗಳೆಷ್ಟು ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ನಾಲಿಗೆ ಕಚ್ಚಿಕೊಂಡು ಕುಳಿತುಬಿಟ್ಟ.