ಪೀಣ್ಯದಲ್ಲಿ ಕಲಿತವರು ಜಗತ್ತಿಗೆ ಕಲಿಸಿದ್ದು

ನಮ್ಮ ನಿವೃತ್ತರ ಬಳಗದ ಸಂಚಿಕೆ ಸಮಿತಿಯವರು ಲೇಖನ ಕೇಳಿದಾಗ, ರಾಕೆಟ್ಟುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ನಾನು ಪಾಠದ ಕಥೆ ಬರೆಯುತ್ತೇನೆ ಎಂದೆ. ಸ್ವಂತ ಉಪಗ್ರಹವೇ ಇಲ್ಲದ ದೇಶಗಳ ಎಳೆಯ ಎಂಜಿನಿಯರುಗಳನ್ನು ಕರೆಸಿ ನಮ್ಮವರು ಮೂವತ್ತು ವರ್ಷಗಳಿಂದ ಕಲಿಸುತ್ತಿರುವ ಕಥೆ ಇದು. ಅದಕ್ಕೆ ಅಡಿಪಾಯ ಹಾಕಿದ ಹಿರಿಯರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

1982ರಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆ ನಡೆಸಿದ ಬಾಹ್ಯಾಕಾಶ ಸಮ್ಮೇಳನದಲ್ಲಿ ಅಭಿವೃದ್ಧಿಶೀಲ ದೇಶಗಳ ಅಹವಾಲು ಮುಖ್ಯವಾಗಿತ್ತು. ಉಪಗ್ರಹ ಚಿತ್ರ ಕೈಗೆ ಬಂದರೂ ಅದನ್ನು ಓದಬಲ್ಲವರು ತಮ್ಮಲ್ಲೇ ತಯಾರಾಗಬೇಕಲ್ಲ! 1990ರ ಡಿಸೆಂಬರಿನಲ್ಲಿ ಸಾಮಾನ್ಯ ಸಭೆ ಒಂದು ನಿರ್ಣಯವನ್ನು ಅನುಮೋದಿಸಿತು: ಒಂದೊಂದು ಭೂಭಾಗಕ್ಕೆ ಒಂದೊಂದು ಶಿಕ್ಷಣ ಕೇಂದ್ರ, ಅದೂ ಈಗಾಗಲೇ ನಡೆಯುತ್ತಿರುವ ಸಂಸ್ಥೆಗಳ ಆಶ್ರಯದಲ್ಲಿ. ಹೊಸ ಕಟ್ಟಡಕ್ಕೆ ಕಾಯುತ್ತ ಕೂರಬಾರದು ಎಂಬ ಈ ಜಾಣತನವೇ ಯೋಜನೆಯನ್ನು ಉಳಿಸಿತು ಎಂದು ನನ್ನ ಎಣಿಕೆ.

ಏಷ್ಯಾ-ಪೆಸಿಫಿಕ್ ಕೇಂದ್ರವನ್ನು ತಮ್ಮಲ್ಲಿಗೆ ಕೊಡಿ ಎಂದವರು ಒಬ್ಬರಲ್ಲ. ಕೊನೆಗೆ ಅದು ಭಾರತಕ್ಕೆ ಬಂತು. 1995ರ ನವೆಂಬರ್ 1ರಂದು ದೆಹಲಿಯಲ್ಲಿ ಒಪ್ಪಂದವಾಯಿತು. ಅದರ ಹಿಂದುಮುಂದಿನ ಮಾತುಕತೆಗಳಲ್ಲಿ ಎಲ್ಲರ ಮನಸ್ಸೂ ಒಂದೇ ಆಗಿರಲಿಲ್ಲ. ಆ ವಿವರ ಈ ಸಂಚಿಕೆಗೆ ಬೇಡ. 2014ರಲ್ಲಿ ಬೀಜಿಂಗ್‌ನಲ್ಲೂ ಇದೇ ಭೂಭಾಗಕ್ಕೆ ಇನ್ನೊಂದು ಕೇಂದ್ರ ತೆರೆಯಿತು ಎಂದಷ್ಟೇ ಹೇಳುತ್ತೇನೆ. ಕಲಿಯುವವರಿಗಂತೂ ಅದರಿಂದ ನಷ್ಟವಿಲ್ಲ.

ಕೇಂದ್ರ ನೆಲೆಯೂರಿದ್ದು ಡೆಹ್ರಾಡೂನ್‌ನ ಕಾಳಿದಾಸ ರಸ್ತೆಯಲ್ಲಿ, ದೂರಸಂವೇದಿ ಸಂಸ್ಥೆಯ ಆವರಣದಲ್ಲಿ. ಆ ಸಂಸ್ಥೆಯೂ ಹೊರಗಿನ ನೆರವಿನಿಂದ ಹುಟ್ಟಿದ್ದೇ: 1966ರಲ್ಲಿ ಡಚ್ಚರ ಸಹಕಾರದಿಂದ, ವಿಮಾನದಿಂದ ತೆಗೆದ ಚಿತ್ರಗಳನ್ನು ಓದಲು ಕಲಿಸುವ ಶಾಲೆಯಾಗಿ ಶುರುವಾದದ್ದು. ಕೇಂದ್ರದ ಮೊದಲ ನಿರ್ದೇಶಕರು ಪ್ರೊ. ಬಿ. ಎಲ್. ದೀಕ್ಷಿತುಲು. ಅವರು ಹಿಂದೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪಾಠ ಹೇಳಿದವರು, ಆದ್ದರಿಂದ ಬೆಂಗಳೂರಿನವರಿಗೆ ಅವರ ಮೇಲೆ ಸ್ವಲ್ಪ ಹಕ್ಕು ಹೆಚ್ಚು. 1996ರ ಏಪ್ರಿಲ್‌ನಲ್ಲಿ ಮೊದಲ ತರಗತಿ ಆರಂಭವಾಯಿತು. ಒಂಬತ್ತು ತಿಂಗಳು ಇಲ್ಲಿ ಡಿಪ್ಲೊಮಾ; ಆಮೇಲೆ ಊರಿಗೆ ಹೋಗಿ ಒಂದು ವರ್ಷ ಅಲ್ಲಿಯದೇ ಸಮಸ್ಯೆಯೊಂದರ ಮೇಲೆ ಕೆಲಸ ಮಾಡಿ ಒಪ್ಪಿಸಿದರೆ ಆಂಧ್ರ ವಿಶ್ವವಿದ್ಯಾಲಯದ ಎಂ.ಟೆಕ್. ಕಲಿತವನು ಪ್ರಮಾಣಪತ್ರ ಹಿಡಿದು ಬೇರೆಲ್ಲಿಗೋ ಹಾರಿಹೋಗದೆ ತನ್ನ ಇಲಾಖೆಗೇ ಮರಳುವಂತೆ ಮಾಡಿದ್ದು ಆ ಎರಡನೆಯ ವರ್ಷ.

ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರನ್ನು ಬಿಟ್ಟು ಈ ಕಥೆ ಹೇಳಲಾಗದು. 1972ರಲ್ಲಿ ಪೀಣ್ಯದ ಕಲ್ನಾರಿನ ಶೆಡ್ಡುಗಳಲ್ಲಿ, ಉಪಗ್ರಹವನ್ನು ಕಣ್ಣಾರೆ ಕಂಡಿರದ ಹುಡುಗರನ್ನು ಕಟ್ಟಿಕೊಂಡು ಅವರು ಕೆಲಸಕ್ಕೆ ಇಳಿದರು. ಜಾಗ ಸಾಲದೆ ಶೌಚಾಲಯವೊಂದನ್ನೇ ದತ್ತಾಂಶ ಸ್ವೀಕರಿಸುವ ಕೋಣೆ ಮಾಡಿಕೊಂಡದ್ದನ್ನು ಅವರೇ ನಗುತ್ತ ಹೇಳುತ್ತಿದ್ದರು. 360 ಕಿಲೋ ತೂಕದ ಆರ್ಯಭಟ 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನಲ್ಲಿ ಮೇಲೇರಿತು. ಕೆಲವೇ ದಿನಗಳಲ್ಲಿ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳು ನಿಂತವು. ಹುಡುಗರು ಕಲಿತದ್ದು ಮಾತ್ರ ಉಳಿಯಿತು. ಮಾಡುತ್ತಲೇ ಕಲಿಯುವ, ಹೇಳಿಕೊಡುವವರ ಪಕ್ಕದಲ್ಲೇ ನಿಂತು ಕಲಿಯುವ ಆ ಕ್ರಮವೇ ಮುಂದೆ ನಮ್ಮ ಪಾಠಗಳಿಗೂ ಬಂತು. 1997ರಿಂದ 2000ದವರೆಗೆ ವಿಶ್ವಸಂಸ್ಥೆಯ ಬಾಹ್ಯಾಕಾಶ ಸಮಿತಿಯ ಅಧ್ಯಕ್ಷರಾಗಿದ್ದವರೂ ಇದೇ ರಾವ್.

ಡೆಹ್ರಾಡೂನ್ ಕೇಂದ್ರದ ಮುಂದಿನ ಎರಡು ದಶಕ ಸದ್ದಿಲ್ಲದೆ ಸಾಗಿದವು. ಅಹಮದಾಬಾದಿನಲ್ಲಿ ಉಪಗ್ರಹ ಸಂಪರ್ಕ, ಹವಾಮಾನ, ಬಾಹ್ಯಾಕಾಶ ವಿಜ್ಞಾನದ ತರಗತಿಗಳು ಸೇರಿಕೊಂಡವು. ತಂಡಗಳು ಬಂದವು, ಹೋದವು.

2018ರ ಜೂನ್‌ನಲ್ಲಿ ವಿಯೆನ್ನಾದಲ್ಲಿ ಭಾರತ ‘ಉನ್ನತಿ’ ಎಂಬ ತರಬೇತಿಯನ್ನು ಘೋಷಿಸಿತು. ಪಾಠ ಕೇಳಿ ಹೋಗುವುದಷ್ಟೇ ಅಲ್ಲ, ಎಂಟು ವಾರಗಳಲ್ಲಿ ಪುಟ್ಟ ಉಪಗ್ರಹವೊಂದನ್ನು ಜೋಡಿಸಿ, ಪರೀಕ್ಷಿಸಿಯೂ ನೋಡಬೇಕು. ಅದೇ ವರ್ಷ ರಾವ್ ಅವರ ಹೆಸರು ಹೊತ್ತ ನಮ್ಮ ಉಪಗ್ರಹ ಕೇಂದ್ರದ ಪಾಲಿಗೆ ಆ ಹೊಣೆ ಬಂತು. 2019ರ ಜನವರಿ 17ರಂದು ಮೊದಲ ತಂಡ ಉದ್ಘಾಟನೆಯಾಯಿತು: 17 ದೇಶಗಳ 30 ಮಂದಿ. ಪನಾಮಾದವರು, ಮಂಗೋಲಿಯಾದವರು ಒಂದೇ ಮೇಜಿನ ಸುತ್ತ. ಉಷ್ಣ ನಿಯಂತ್ರಣದ ಪಾಠ ಹೇಳಿದವರಲ್ಲಿ ನಾನೂ ಒಬ್ಬ, ಹಾಗಾಗಿ ಇದಕ್ಕೆ ಜಾಗ ಹೆಚ್ಚು ಹೋಯಿತು ಎಂದು ಸಂಪಾದಕರು ಗೊಣಗಿದರೆ ಗೊಣಗಲಿ. ಬಿಸಿಲಿಗೆ ಒಡ್ಡಿದ ಬದಿ ಕಾಯುತ್ತದೆ, ನೆರಳಿನ ಬದಿ ಹೆಪ್ಪುಗಟ್ಟುತ್ತದೆ, ಶಾಖ ಸಾಗಿಸಲು ಅಲ್ಲಿ ಗಾಳಿ ಇಲ್ಲ ಎಂಬುದನ್ನು ಹಲಗೆಯ ಮೇಲೆ ಎಷ್ಟು ಬರೆದರೂ ಸಾಲದು. ಕ್ಲೀನ್ ರೂಮಿನಲ್ಲಿ ಕೈಗವಸು ತೊಟ್ಟು ಮಿರುಗುವ ಹೊದಿಕೆಯನ್ನು ತಾವೇ ಹೊದಿಸಿ, ನಿರ್ವಾತ ಕೋಣೆಯ ತಾಪಮಾನದ ಗೆರೆ ಏರಿಳಿಯುವುದನ್ನು ನೋಡಿದಾಗಲೇ ಅವರಿಗೆ ಅದು ಮನದಟ್ಟಾದದ್ದು.

ನೆರೆಯ ಭೂತಾನದ ದಾರಿ ಇನ್ನೂ ಒಳ್ಳೆಯ ಉದಾಹರಣೆ. ಅವರ ಎಂಜಿನಿಯರುಗಳು ಮೊದಲು ಜಪಾನಿನ ಕ್ಯೂಶು ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಲೇ ಭೂತಾನ್-1 ಕಟ್ಟಿದರು. ಆ ಶ್ರೇಯ ಜಪಾನಿಗೇ ಸಲ್ಲಬೇಕು. ಬಳಿಕ ನಮ್ಮ ಕೇಂದ್ರದಲ್ಲಿ ತರಬೇತಿ ಪಡೆದರು. ಭಾರತ-ಭೂತಾನ್ ಜಂಟಿ ಉಪಗ್ರಹ 2022ರ ನವೆಂಬರ್ 26ರಂದು ಶ್ರೀಹರಿಕೋಟಾದಿಂದ ಪಿಎಸ್ಎಲ್‌ವಿ-ಸಿ54ರಲ್ಲಿ ಹೋಯಿತು. ಅದರಲ್ಲಿದ್ದ ಹ್ಯಾಮ್ ರೇಡಿಯೊ ಉಪಕರಣ ಭೂತಾನದವರೂ ನಮ್ಮ ಕೇಂದ್ರದವರೂ ಸೇರಿ ಮಾಡಿದ್ದು.

ಬಳಗದ ಹಿರಿಯರಲ್ಲಿ ಒಂದು ಬಿನ್ನಹ. ಡೆಹ್ರಾಡೂನ್‌ಗೋ ಅಹಮದಾಬಾದಿಗೋ ಅತಿಥಿಗಳಾಗಿ ಹೋಗಿ ಪಾಠ ಹೇಳಿದವರು ನಮ್ಮಲ್ಲಿ ಹಲವರಿದ್ದೀರಿ. ಆ ತರಗತಿಗಳ ಫೋಟೊ, ಟಿಪ್ಪಣಿ, ವಿದ್ಯಾರ್ಥಿಗಳು ಆಮೇಲೆ ಬರೆದ ಕಾಗದಗಳು ಮನೆಯ ಅಟ್ಟದಲ್ಲಿದ್ದರೆ, ದಯವಿಟ್ಟು ಮುಂದಿನ ಸಂಚಿಕೆಗಾಗಿ ಸಮಿತಿಗೆ ತಲುಪಿಸಿ.